ಅಕ್ಕನಿಗಾಗಿ ಮನೆ ನೋಡಲು ಹೋದ ಭಾನುವಾರ

ನಾನು ಚಿಕ್ಕವಳಿದ್ದಾಗ ನನ್ನನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗುತ್ತಿರಲಿಲ್ಲ. ಬಾಯಿ ಜಾಸ್ತಿ ಎಂಬುದು ನನ್ನ ಮೇಲಿದ್ದ ದೂರು. ಅಂಥವಳನ್ನು ಒಂದು ಭಾನುವಾರ ಮಧ್ಯಾಹ್ನ ಎಣ್ಣೆ ಹಚ್ಚಿ, ಎರಡು ಜಡೆ ಬಿಗಿಯಾಗಿ ಹೆಣೆದು, ಹಬ್ಬಕ್ಕೆಂದು ತೆಗೆದಿಟ್ಟಿದ್ದ ಹಸಿರು ಲಂಗ ತೊಡಿಸಿ ಹೊರಡಿಸಿದರು. ನನ್ನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತ್ತು ಅಂದುಕೊಳ್ಳಬೇಡಿ. ಅಕ್ಕನಿಗೆ ರಾಜಾಜಿನಗರದ ಒಂದು ಸಂಬಂಧ ಬಂದಿತ್ತು. ಅವರು ಬಂದು ಅಕ್ಕನನ್ನು ನೋಡಿ ಒಪ್ಪಿ ಹೋಗಿದ್ದರು. ಈಗ ನಮ್ಮವರು ಹೋಗಿ ಅವರ ಮನೆ ನೋಡಿ ಬರಬೇಕಿತ್ತು. ಹೊರಟವರು ಅಪ್ಪ, ದೊಡ್ಡಪ್ಪ ಮತ್ತು ಅಮ್ಮನ ತಮ್ಮನಾದ ನಮ್ಮ ಮಾವ. ಶುಭಕಾರ್ಯಕ್ಕೆ ಮೂರು ಜನ ಹೊರಟರೆ ಕೆಲಸ ಮೂರಾಬಟ್ಟೆಯಾಗುತ್ತದೆ ಎಂದು ದೊಡ್ಡಪ್ಪ ನಂಬಿದ್ದರು. ನಾಲ್ಕನೆಯವರು ಒಬ್ಬರು ಬೇಕಿತ್ತು, ಮನೆಯಲ್ಲಿ ಕೆಲಸವಿಲ್ಲದೆ ಇದ್ದವಳು ನಾನೊಬ್ಬಳೇ. ಲೆಕ್ಕಕ್ಕುಂಟು ಆಟಕ್ಕಿಲ್ಲ ಅನ್ನುತ್ತಾರಲ್ಲ, ಅದು ನಾನು.

ಅಮ್ಮ ಯಾಕೆ ಹೊರಡಲಿಲ್ಲ ಎಂದು ನೀವು ಕೇಳುತ್ತೀರಿ, ಗೊತ್ತು. ನಮ್ಮಲ್ಲಿ ಮನೆ ನೋಡಲು ಗಂಡಸರೇ ಹೋಗುವುದು ರೂಢಿ. ಗಂಡಸರು ಪರರ ಮನೆಯಲ್ಲಿ ನಡುಮನೆ ದಾಟಿ ಒಳಗೆ ಕಾಲಿಡುವ ಹಾಗಿಲ್ಲ. ಹಾಗಾಗಿ ನಡುಮನೆಯಲ್ಲಿ ಕುಳಿತು, ಉಪ್ಪಿಟ್ಟು ತಿಂದು, ಗೋಡೆ ಗಟ್ಟಿಯಿದೆ, ನಲ್ಲಿಯಲ್ಲಿ ನೀರು ಬರುತ್ತದೆ ಎಂದು ತಿಳಿದುಕೊಂಡು ಬರುವುದನ್ನೇ ಅವರು ಮನೆ ನೋಡುವುದು ಎನ್ನುತ್ತಿದ್ದರು. ಆಮೇಲೆ ಆ ಮನೆಯ ಒಳಗಡೆ ಬದುಕು ಸವೆಸುವವಳು ಮಾತ್ರ ಬೇರೆ. ಈ ಬುದ್ಧಿವಂತಿಕೆ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನನಗಾಗ ಒಂಬತ್ತು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಜಡೆ ಹೆಣೆಯುತ್ತಿದ್ದವಳು ಅಕ್ಕನೇ. ಎರಡನೆಯ ಜಡೆಗೆ ಟೇಪು ಕಟ್ಟುವಾಗ ಅವಳ ಕೈ ತಣ್ಣಗಿತ್ತು. ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು: "ಒಂದು ಕೆಲಸ ಮಾಡ್ತೀಯಾ? ಆ ಮನೇಲಿ ನಾನು ಎಲ್ಲಿ ಕೂತ್ಕೋಬಹುದು, ನೋಡ್ಕೊಂಡು ಬಾ. ನಾನು ಹೇಳ್ದೆ ಅಂತ ಮಾತ್ರ ಯಾರ್ಗೂ ಹೇಳ್ಬೇಡ ಕಣೇ."

ಅವಳ ಮಾತು ನನಗೆ ತಕ್ಷಣ ಅರ್ಥವಾಯಿತು. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ಆದರೂ ಅದರಲ್ಲಿ ಯಾರ ಜಾಗ ಯಾವುದು ಎಂದು ಹೊಸಬರೂ ಹೇಳಬಹುದಿತ್ತು. ಅಪ್ಪನ ಈಸಿಚೇರಿನ ಹಿಂದೆ ಗೋಡೆಯ ಮೇಲೆ ಅವರ ತಲೆಯೆಣ್ಣೆಯ ದುಂಡನೆಯ ಕರೆ. ಮಂಚದ ಕೆಳಗೆ ನನ್ನ ಕವಡೆ, ಬಳೆಚೂರು, ಮುರಿದ ಬಳಪ. ಕಿಟಕಿಯ ಕಟ್ಟೆ ಅಕ್ಕನದು. ಅಲ್ಲಿ ಕಾಲು ಮಡಚಿ ಕುಳಿತಳೆಂದರೆ ವಾರಪತ್ರಿಕೆಯಿಂದ ತಲೆ ಎತ್ತುತ್ತಿರಲಿಲ್ಲ. ಕಿಟಕಿಯ ಸರಳಿಗೆ ಅವಳ ಹೇರ್‌ಪಿನ್ನುಗಳು ಸಾಲಾಗಿ ಸಿಕ್ಕಿಕೊಂಡಿರುತ್ತಿದ್ದವು. ಆ ಕಟ್ಟೆ ಬಿಟ್ಟು ಹೋಗುವವಳು ಮುಂದಿನ ಕಟ್ಟೆ ಎಲ್ಲಿದೆ ಎಂದು ಕೇಳಿದ್ದಳು, ಅಷ್ಟೇ.

ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಒಪ್ಪಿಗೆಯಾದರೆ ಅವರು ತಾಂಬೂಲದ ತಟ್ಟೆ ಕೊಡುತ್ತಾರೆ, ನಾವು ತೆಗೆದುಕೊಳ್ಳುತ್ತೇವೆ ಎಂದು ದೊಡ್ಡಪ್ಪ ದಾರಿಯುದ್ದಕ್ಕೂ ಹೇಳಿದರು. ತಟ್ಟೆ ಮುಟ್ಟಿದರೆ ಮಾತು ಕೊಟ್ಟ ಹಾಗೆ. ಕೊಟ್ಟ ಮಾತನ್ನು ಹಿಂದೆ ತೆಗೆದುಕೊಂಡ ಚರಿತ್ರೆ ನಮ್ಮ ವಂಶದಲ್ಲಿ ಇರಲಿಲ್ಲ. ಮಾಗಡಿ ರಸ್ತೆ ದಾಟುವಾಗ ಅವರು ನನ್ನ ಕಡೆ ಛತ್ರಿ ತೋರಿಸಿ, "ಅಲ್ಲಿ ಬಾಯಿ ಮುಚ್ಕೊಂಡು ಕೂತ್ಕೋಬೇಕು, ತಿಳೀತಾ?" ಎಂದರು. ನಾನು ತಲೆಯಾಡಿಸಿದೆ. ಬಿಸಿಲಿಗೆ ಹೊಸ ಲಂಗದ ಜರಿ ಸೊಂಟಕ್ಕೆ ಚುಚ್ಚುತ್ತಿತ್ತು.

ಮನೆ ದೊಡ್ಡದಿತ್ತು, ಸ್ವಂತದ್ದು. ಗೇಟಿಗೆ ಹೊಸ ಬಣ್ಣ. ಒಳಗೆ ಕೆಂಪು ಗಾರೆ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ನನ್ನ ಲಂಗದ ಅಂಚು ಅದರಲ್ಲಿ ಕಾಣುತ್ತಿತ್ತು. ಸೋಫಾಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿದ್ದರು. ಕುಳಿತರೆ ಮೊಣಕಾಲ ಹಿಂದೆ ಬೆವರು ಅಂಟುತ್ತಿತ್ತು, ಅಲುಗಿದರೆ ಪರಪರ ಸದ್ದು. ಗಾಜಿನ ಬೀರುವಿನಲ್ಲಿ ಗೊಂಬೆಗಳು, ಯಾರೂ ಎಂದೂ ಕುಡಿಯದ ಚಹಾ ಕಪ್ಪುಗಳು. ರೇಡಿಯೋ ಮೇಲೆ ಕಸೂತಿ ಬಟ್ಟೆ. ಗೋಡೆಯ ಮೇಲೆ ಲೋಲಕದ ಗಡಿಯಾರ ಟಕಟಕ ಎನ್ನುತ್ತಿತ್ತು. ಇಡೀ ಮನೆಗೆ ಫಿನಾಯಿಲಿನ ವಾಸನೆ. ಒಗ್ಗರಣೆಯ ವಾಸನೆ ಇರಲೇ ಇಲ್ಲ. ಒಂದು ಪೇಪರ್ ಕೂಡ ಮಡಿಕೆ ಬಿಚ್ಚಿ ಬಿದ್ದಿರಲಿಲ್ಲ. ದೊಡ್ಡಪ್ಪನ ಮುಖ ಅರಳಿತು. ಅಪ್ಪ ಕಾಲು ಎಲ್ಲಿಡಬೇಕೆಂದು ತಿಳಿಯದೆ ಹಿಮ್ಮಡಿ ಎತ್ತಿಕೊಂಡು ಕುಳಿತಿದ್ದರು.

ಹುಡುಗನ ತಾಯಿಯೇ ಆ ಮನೆಯ ಯಜಮಾನಿ ಎಂದು ತಿಳಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಹುಡುಗನ ತಂದೆ ಮಾತಾಡುವ ಮೊದಲು ಒಮ್ಮೆ ಅವರ ಮುಖ ನೋಡುತ್ತಿದ್ದರು. ಹುಡುಗ ಇಸ್ತ್ರಿ ಷರಟು ಹಾಕಿ ಕುರ್ಚಿಯ ತುದಿಯಲ್ಲಿ ಕುಳಿತು, ಕೇಳಿದ್ದಕ್ಕೆ ಹೌದು, ಇಲ್ಲ ಎನ್ನುತ್ತಿದ್ದ. ಹಿರಿಯ ಮಗ ಡ್ಯೂಟಿಗೆ ಹೋಗಿದ್ದಾನೆ ಎಂದರು. ಪರದೆಯ ಹಿಂದಿನಿಂದ ಒಂದು ಕೈ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆಗಳನ್ನು ದಾಟಿಸಿತು. ಯಜಮಾನಿ ಇಸಿದುಕೊಂಡು ನಮಗೆ ಕೊಟ್ಟರು. ಆ ಕೈ ಯಾರದು ಎಂದು ಯಾರೂ ಹೇಳಲಿಲ್ಲ, ನಮ್ಮವರು ಕೇಳಲೂ ಇಲ್ಲ.

ಗಡಿಯಾರದಲ್ಲಿ ಮೂರೂಮುಕ್ಕಾಲು ಆಗಿತ್ತು. ನಡುಮನೆಯಲ್ಲಿ ಅಕ್ಕ ಕೂರುವಂಥ ಜಾಗ ಇರಲಿಲ್ಲ. ಕಿಟಕಿಗೆ ಕಟ್ಟೆಯೇ ಇರಲಿಲ್ಲ. ಇನ್ನು ಒಳಗೆ ಹೋಗದೆ ಗತಿಯಿಲ್ಲ ಅನ್ನಿಸಿ, ಅಪ್ಪನ ತೋಳು ಜಗ್ಗಿ ಕಿರುಬೆರಳು ತೋರಿಸಿದೆ. ದೊಡ್ಡಪ್ಪ ಕಣ್ಣು ಕೆಂಪಗೆ ಮಾಡಿದರು. ಯಜಮಾನಿ ಪರದೆಯ ಕಡೆ ತಿರುಗಿ, "ಇವಳೇ, ಮಗೂಗೆ ಬಚ್ಚಲು ತೋರ್ಸು" ಎಂದರು.

ಪರದೆ ಸರಿಸಿ ನಿಂತಿದ್ದವಳು ಹಿರಿಯ ಸೊಸೆ. ಅಕ್ಕನಿಗಿಂತ ಐದಾರು ವರ್ಷ ದೊಡ್ಡವಳಿರಬಹುದು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನನ್ನು ನೋಡಿ ನಕ್ಕಳು. ಬಚ್ಚಲುಮನೆಯ ಕಿಟಕಿಯ ಸಂದಿಯಲ್ಲಿ ಒಂದು ಬಾಚಣಿಗೆ, ಮೂಲೆ ಒಡೆದ ಪುಟ್ಟ ಕನ್ನಡಿ, ಅದಕ್ಕೆ ಅಂಟಿಸಿದ ಒಂದು ಬಿಂದಿ ಕಂಡವು. ತಿರುಗಿ ಬರುವಾಗ ನಾನು ಬೇಕೆಂದೇ ನಿಧಾನ ಮಾಡಿ ಒಳಗಿದ್ದ ಎರಡೂ ಕೋಣೆಗಳಲ್ಲಿ ಇಣುಕಿದೆ. ಒಂದರಲ್ಲಿ ಯಜಮಾನಿಯ ಮಂಚ, ಬೀಗ ಹಾಕಿದ ಎರಡು ಬೀರು. ಇನ್ನೊಂದರಲ್ಲಿ ಗಂಡುಮಕ್ಕಳ ಮೇಜು, ಷರಟುಗಳು, ಸೈಕಲ್ ಪಂಪು, ಗೋಡೆಗೆ ತಗಲಿಸಿದ ಕ್ಯಾರಂ ಬೋರ್ಡು. ಹೆಂಗಸಿನದು ಎನ್ನುವ ಒಂದು ವಸ್ತು ಅಲ್ಲಿರಲಿಲ್ಲ.

"ನಿಮ್ಮ ಜಾಗ ಎಲ್ಲಿ ಅಕ್ಕಾ?" ಎಂದು ಕೇಳಿಯೇಬಿಟ್ಟೆ.

"ನನ್ ಜಾಗಾನಾ?" ಅವಳಿಗೆ ಪ್ರಶ್ನೆ ವಿಚಿತ್ರವಾಗಿ ಕೇಳಿರಬೇಕು. "ಇದೇ, ಅಡುಗೆಮನೆ. ಬಾ, ನೀರು ಕುಡಿ. ಬೆಲ್ಲ ಕೊಡೋಣಾಂದ್ರೆ ಕಪಾಟಿಗೆ ಬೀಗ, ಬೀಗದ ಕೈ ಅತ್ತೆ ಹತ್ರ ಇದೆ."

ಅಡುಗೆಮನೆಯೂ ಲಕಲಕ ಹೊಳೆಯುತ್ತಿತ್ತು. ಅಕ್ಕಿಡ್ರಮ್ಮಿನ ಹಿಂದೆ ಒಂದು ಸಣ್ಣ ಟ್ರಂಕು, ಮೇಲೆ ಮಡಚಿಟ್ಟ ಒಂದು ಸೀರೆ. ಕೂರುವ ಮಣೆಯನ್ನೂ ಗೋಡೆಗೆ ಒರಗಿಸಿಟ್ಟಿದ್ದರು. ನೀರು ಕುಡಿಯುತ್ತಾ ಸುತ್ತ ನೋಡಿದೆ. ಬಾಗಿಲ ಹಿಂದಿನ ಗೂಡು ದೊಡ್ಡವರ ಕಣ್ಣಿಗೆ ಬೀಳುವಂತಿರಲಿಲ್ಲ, ನನ್ನ ಎತ್ತರಕ್ಕೆ ಸರಿಯಾಗಿತ್ತು. ಅದರಲ್ಲಿ ಕಾಗದಗಳ ಒಂದು ಕಂತೆ ಇತ್ತು. ಕೈ ಹಾಕಿ ತೆಗೆದೆ. ದಿನಸಿ ಅಂಗಡಿಯವರು ಬೇಳೆ, ಸಾಸಿವೆ ಪೊಟ್ಟಣ ಕಟ್ಟುತ್ತಿದ್ದರಲ್ಲ, ಆ ಪತ್ರಿಕೆಯ ಹಾಳೆಗಳು. ಒಂದೊಂದನ್ನೂ ಬಿಡಿಸಿ, ಸುಕ್ಕು ತೀಡಿ, ಪೊಟ್ಟಣದ ದಾರದಲ್ಲೇ ಪೋಣಿಸಿಟ್ಟಿದ್ದಳು. ಮೂಸಿದರೆ ಅರಿಶಿನ, ಮೆಣಸಿನ ಘಾಟು. ಮೇಲಿನ ಹಾಳೆಯಲ್ಲಿ ಅರ್ಧ ಕಥೆ ಇತ್ತು. ಉಳಿದರ್ಧ ಯಾರ ಮನೆಗೆ ಯಾವ ಬೇಳೆ ಹೊತ್ತು ಹೋಗಿತ್ತೋ ಏನೋ.

ಅವಳು ಓಡಿ ಬಂದು ಕಂತೆ ಕಸಿದುಕೊಂಡಳು. ಸಿಟ್ಟಿರಲಿಲ್ಲ, ಹೆದರಿದ್ದಳು. "ಅನ್ನ ಬೇಯೋವರ್ಗೂ ನಿಂತ್ಕೊಂಡು ಓದ್ತೀನಿ, ಅಷ್ಟೇ. ಅತ್ತೆ ಕಂಡ್ರೆ ಒಲೆಗೆ ಹಾಕ್ತಾರೆ. ಯಾರ್ಗೂ ಹೇಳ್ಬೇಡ ಪುಟ್ಟಿ, ನಿನ್ ದಮ್ಮಯ್ಯ."

ದೊಡ್ಡವರು ನನಗೆ ದಮ್ಮಯ್ಯ ಅಂದದ್ದು ಅದೇ ಮೊದಲು. ಹೇಳುವುದಿಲ್ಲ ಎಂದು ಅವಳ ಕೈಮೇಲೆ ಕೈಯಿಟ್ಟೆ. ಆಮೇಲೆ ನನಗೆ ಭಯ ಶುರುವಾಯಿತು. ಅಕ್ಕ ಹೇಳಿದ್ದನ್ನು ಹೇಳುವಂತಿಲ್ಲ, ಇವಳ ಗುಟ್ಟನ್ನೂ ಹೇಳುವಂತಿಲ್ಲ. ಹೇಳದಿದ್ದರೆ ಅಕ್ಕನೂ ಈ ಬಾಗಿಲ ಹಿಂದೆ ಬಂದು ನಿಲ್ಲುತ್ತಾಳೆ.

ನಡುಮನೆಗೆ ಬಂದರೆ ಎಲ್ಲರೂ ನಗುತ್ತಿದ್ದರು. ಮಾತು ಮುಗಿದಿತ್ತು. ನಾಲ್ಕು ದಾಟಿ ಹತ್ತು ನಿಮಿಷ. ಹುಡುಗನ ತಂದೆ ಬೆಳ್ಳಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಕೆ, ತೆಂಗಿನಕಾಯಿ, ಬಾಳೆಹಣ್ಣು ಜೋಡಿಸಿ ಹಿಡಿದು ನಿಂತಿದ್ದರು. ದೊಡ್ಡಪ್ಪ, "ಎದ್ದೇಳೋ, ಪೂರ್ವಕ್ಕೆ ಮುಖ ಮಾಡಿ ಇಸ್ಕೋ" ಎಂದು ಅಪ್ಪನ ಬೆನ್ನು ತಟ್ಟಿದರು. ಅಪ್ಪ ಎದ್ದು, ಶಲ್ಯ ಸರಿಮಾಡಿಕೊಂಡು, ಎರಡೂ ಕೈ ಚಾಚಿದರು. ಹೊಟ್ಟೆನೋವು ಅನ್ನಲೇ, ಅಳಲೇ ಎಂದು ಯೋಚಿಸಿದೆ, ಎರಡೂ ಆಗಲಿಲ್ಲ.

"ಅಪ್ಪಾ, ಈ ಮನೇಲಿ ಅಕ್ಕ ಎಲ್ಲಿ ಕೂತ್ಕೋತಾಳೆ?"

ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂದಿತ್ತು. ಅಪ್ಪನ ಕೈ ತಟ್ಟೆಯ ಹತ್ತಿರ ನಿಂತಿತು. ಯಜಮಾನಿ ಗಟ್ಟಿಯಾಗಿ ನಕ್ಕರು. "ಕೂತ್ಕೊಳ್ಳೋದಾ? ಸೊಸೆಯಾಗಿ ಬಂದೋಳಿಗೆ ಕೂತ್ಕೊಳ್ಳೋಕೆ ಪುರ್ಸೊತ್ತಾದ್ರೂ ಎಲ್ಲಿರುತ್ತಮ್ಮಾ! ನಮ್ ದೊಡ್ ಸೊಸೆ ಬಂದು ಆರು ವರ್ಷ ಆಯ್ತು, ಒಂದಿನ ಕೂತಿದ್ದು ನಾನ್ ನೋಡಿಲ್ಲ." ಅದನ್ನು ಅವರು ಹೆಮ್ಮೆಯಿಂದಲೇ ಹೇಳಿದರು. ದೊಡ್ಡಪ್ಪ ನಕ್ಕರು, ಮಾವ ನಕ್ಕರು. ಅಪ್ಪ ನಗಲಿಲ್ಲ.

ನಗು ಮುಗಿದ ಮೇಲೆ ಯಜಮಾನಿ ನನ್ನನ್ನೇ ದಿಟ್ಟಿಸಿದರು. "ಅದಿರ್ಲಿ, ಈ ಮಾತು ನಿಂಗೆ ಯಾರ್ ಹೇಳ್ಕೊಟ್ರು? ಒಳಗೆ ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ. ನಾನೇ ಕೇಳಿದ್ದು."

"ಗೇಣುದ್ದ ಇದೀಯ, ನಿಂಗೆಲ್ಲಿಂದ ಬರುತ್ತೆ ಇಂಥ ಮಾತು?" ಎನ್ನುತ್ತಾ ಅವರು ಎದ್ದು ಪರದೆಯ ಕಡೆ ಹೆಜ್ಜೆಯಿಟ್ಟರು. ಗೊಂಚಲು ಝಣ್ ಎಂದಿತು. ಪರದೆಯ ಕೆಳಗೆ ಎರಡು ಪಾದಗಳು ಕಾಣುತ್ತಿದ್ದವು. ಕಾಲುಂಗುರ ತೊಟ್ಟ ಬೆರಳುಗಳು ನೆಲವನ್ನು ಗಟ್ಟಿಯಾಗಿ ಒತ್ತಿದ್ದವು, ಉಗುರು ಬೆಳ್ಳಗಾಗಿತ್ತು. ಆ ಪಾದ ನೋಡಿ ನನಗೆ ಇನ್ನೇನೂ ತೋಚಲಿಲ್ಲ.

"ನಮ್ಮಕ್ಕ! ನಮ್ಮಕ್ಕ ಕೇಳ್ಕೊಂಡ್ ಬಾ ಅಂದಿದ್ಲು!"

ಹೇಳಿದ ಕೂಡಲೇ ನಾನು ಅಕ್ಕನನ್ನು ಮಾರಿಬಿಟ್ಟೆ ಅನ್ನಿಸಿ ಅಳು ಬಂತು. ಯಜಮಾನಿ ಅಲ್ಲೇ ನಿಂತು ತಿರುಗಿದರು. ಮುಖದಲ್ಲಿ ನಗುವಿರಲಿಲ್ಲ. "ಓ, ಹಂಗಾ. ಇನ್ನೂ ಹೊಸ್ತಿಲೇ ತುಳಿದಿಲ್ಲ, ಆಗ್ಲೇ ಕೂತ್ಕೊಳ್ಳೋ ಜಾಗ ಕೇಳ್ತಾಳಾ ನಿಮ್ ಹುಡುಗಿ? ಇರ್ಲಿ ಬಿಡಿ, ಬಂದ್ಮೇಲೆ ನಾನು ತಿದ್ಕೋತೀನಿ."

ಅಪ್ಪ ಚಾಚಿದ ಎರಡೂ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮುಗಿದರು. "ಇವತ್ತು ಬೇಡಿ, ಕ್ಷಮಿಸ್ಬೇಕು. ರಾಹುಕಾಲ ಬಂತು."

"ಇನ್ನೂ ಕಾಲು ಗಂಟೆ ಇದೆ ಕಣೋ!" ದೊಡ್ಡಪ್ಪ ಗಡಿಯಾರ ತೋರಿಸಿದರು.

"ನಮಗೆ ಬಂದಾಯ್ತಣ್ಣ" ಎಂದು ಅಪ್ಪ ನನ್ನ ರಟ್ಟೆ ಹಿಡಿದು ಹೊರಟರು. ಅಣ್ಣನ ಮಾತಿಗೆ ಅವರು ಎದುರಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ದಾರಿಯುದ್ದಕ್ಕೂ ದೊಡ್ಡಪ್ಪನ ಛತ್ರಿ ರಸ್ತೆಗೆ ಕುಟ್ಟುವ ಸದ್ದೊಂದೇ. ಮನೆ ಹೊಕ್ಕ ಮೇಲೆ ಅವರು ಅಕ್ಕನೆದುರೇ ಸಿಡಿದರು: "ಚಿನ್ನದಂಥ ಸಂಬಂಧ! ಸ್ವಂತ ಮನೆ! ಈ ಪುಟಗೋಸಿ ಮಾತು ಕೇಳಿ ಇವನು ತಟ್ಟೆ ಬಿಟ್ಟು ಬಂದ!" ಅಕ್ಕ ಕಿಟಕಿಯ ಕಟ್ಟೆಯಿಂದ ಇಳಿದು ಗೋಡೆಗೆ ಒರಗಿ ನಿಂತಳು. ನನ್ನ ಕಡೆ ನೋಡಲಿಲ್ಲ. ನಾನು ಬಾಯಿಬಿಟ್ಟದ್ದು ಅವಳಿಗೆ ಗೊತ್ತಾಯಿತೆಂದು ನಾನು ಮಂಚದ ಪಕ್ಕಕ್ಕೆ ಸರಿದು ನಿಂತೆ.

ಅಪ್ಪ ಈಸಿಚೇರಿನಲ್ಲಿ ಕುಳಿತು, ಆ ಯಜಮಾನಿ ಅಂದದ್ದನ್ನು ಅಮ್ಮನಿಗೆ ಹೇಳಿದರು. ಆರು ವರ್ಷದಿಂದ ಸೊಸೆ ಕೂತದ್ದನ್ನೇ ನೋಡಿಲ್ಲವಂತೆ, ಅಂಥ ಮನೆಗೆ ಹೆಣ್ಣು ಹೇಗೆ ಕೊಡುವುದು ಎಂದು ಕೇಳಿದರು. ಅಮ್ಮ ಹೌದು ಎನ್ನುತ್ತಾಳೆಂದು ಅವರಿಗೆ ಖಾತ್ರಿಯಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ಬಾಡಿತು.

"ಇಷ್ಟಕ್ಕೇ ಬಿಟ್ ಬಂದ್ರಾ?" ಎಂದಳು. "ನಾನೇನು ಕೂತ್ಕೊಂಡೇ ಸಂಸಾರ ಮಾಡಿದೀನಾ?"

ಅವಳು ಚುಚ್ಚಲೆಂದು ಹಾಗೆ ಅಂದಿರಲಿಲ್ಲ. ಒಳ್ಳೆಯ ಸಂಬಂಧ ಕೈತಪ್ಪಿತಲ್ಲ ಎಂಬ ಸಂಕಟಕ್ಕೆ ಅಂದಿದ್ದಳು. ಅದನ್ನು ಕೇಳಿ ನಾನು ನಮ್ಮ ಎರಡು ಕೋಣೆಯನ್ನೂ ಕಣ್ಣಲ್ಲೇ ಹುಡುಕಿದೆ. ಅಪ್ಪನದು ಇತ್ತು, ಅಕ್ಕನದು ಇತ್ತು, ಮಂಚದ ಕೆಳಗೆ ನನ್ನದೂ ಇತ್ತು. ಅಮ್ಮನದು ಸಿಗಲಿಲ್ಲ. ಅವಳ ಕನ್ನಡಕ ಕೂಡ ಉಪ್ಪಿನ ಜಾಡಿಯ ಪಕ್ಕದಲ್ಲಿರುತ್ತಿತ್ತು. ಒಂಬತ್ತು ವರ್ಷ ಅದೇ ಮನೆಯಲ್ಲಿದ್ದು ನನಗದು ಕಂಡಿರಲಿಲ್ಲ. ಕಾಣದೇ ಇದ್ದದ್ದಕ್ಕೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಅಪ್ಪ ನಿಧಾನವಾಗಿ ಎದ್ದು ನಿಂತರು. "ಬಾ, ಕೂತ್ಕೋ" ಎಂದು ಈಸಿಚೇರು ತೋರಿಸಿದರು. ಅಮ್ಮ ಗಾಬರಿಯಾಗಿ ನಮ್ಮೆಲ್ಲರ ಮುಖ ನೋಡಿ, "ಹಾಲು ಸ್ಟೌ ಮೇಲಿದೆ" ಎಂದು ಒಳಗೆ ಹೋಗಿಬಿಟ್ಟಳು. ಅಪ್ಪ ಮತ್ತೆ ಕೂರಲಿಲ್ಲ. ನಮ್ಮೆಲ್ಲರ ನಡುವೆ ಕುರ್ಚಿ ಖಾಲಿ ಇತ್ತು. "ಆ ಸಂಬಂಧ ಬೇಡ" ಎಂದರು. ದೊಡ್ಡಪ್ಪ ಕಾಫಿ ಕುಡಿಯದೆ ಹೊರಟುಹೋದರು, ಎಷ್ಟೋ ತಿಂಗಳು ನಮ್ಮ ಮನೆಗೆ ಬರಲಿಲ್ಲ. ಅಕ್ಕ ಬಂದು ನನ್ನ ಜಡೆ ಬಿಚ್ಚತೊಡಗಿದಳು. ಬೈಯಲಿಲ್ಲ. ಅವಳ ಕೈ ಬೆಚ್ಚಗಾಗಿತ್ತು.

ಮರುವರ್ಷ ಇನ್ನೊಂದು ಮನೆ ನೋಡಲು ಹೋದಾಗ ಅಪ್ಪ ಹಟ ಹಿಡಿದು ಅಮ್ಮನನ್ನೂ ಹೊರಡಿಸಿದರು. ವಿಜಯನಗರದ ಆ ಮನೆಯಲ್ಲಿ ಕುರ್ಚಿಯ ಮೇಲೆ ಒಣಗಿದ ಬಟ್ಟೆ ರಾಶಿ ಬಿದ್ದಿತ್ತು, ಹುಡುಗನ ತಾಯಿ ಕಾಲು ಚಾಚಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು, ನಮ್ಮನ್ನು ನೋಡಿ ಮೊರ ಪಕ್ಕಕ್ಕೆ ತಳ್ಳಿ ಅಮ್ಮನಿಗೆ ಜಾಗ ಮಾಡಿಕೊಟ್ಟರು. ಅಕ್ಕ ಅಲ್ಲಿಗೇ ಹೋದಳು, ಜಗಳವಾಡುತ್ತಾ ನಗುತ್ತಾ ಚೆನ್ನಾಗಿಯೇ ಬಾಳಿದಳು. ರಾಜಾಜಿನಗರದ ಆ ಹಿರಿಯ ಸೊಸೆ ಏನಾದಳೋ ತಿಳಿಯದು. ಅವಳ ಹೆಸರನ್ನೂ ನಾನು ಕೇಳಲಿಲ್ಲ. ಅಂಥ ಮನೆಯಿಂದ ನಾವು ಅಕ್ಕನನ್ನು ಉಳಿಸಿಕೊಂಡೆವು, ಅವಳನ್ನು ಅಲ್ಲೇ ಬಿಟ್ಟು ಬಂದೆವು. ಅವಳ ಗುಟ್ಟನ್ನು ಮಾತ್ರ ಅಕ್ಕನಿಗೂ ಹೇಳಿರಲಿಲ್ಲ, ಇಂದು ನಿಮಗೇ ಮೊದಲು ಹೇಳುತ್ತಿರುವುದು.

ಮಕ್ಕಳೇ, ನೀವು ಬೆಳೆಯುತ್ತಿರುವುದು ಬೇರೆ ಲೋಕದಲ್ಲಿ. ಇದೇ ಊರಿನ ಅಂಚಿಗಿರುವ ಉಲ್ಲಾಳದ ನಮ್ಮ ಈ ಅಪಾರ್ಟ್‌ಮೆಂಟಿನಲ್ಲಿ ಎಲ್ಲ ಫ್ಲಾಟಿಗೂ ಒಂದೇ ಬಣ್ಣ, ಒಂದೇ ಬಾಗಿಲು. ಈಗ ಮನೆ ನೋಡುವುದೂ ಫೋನಿನಲ್ಲೇ. ಬೆಲ್ಲಕ್ಕೆ ಯಾರೂ ಬೀಗ ಹಾಕುವುದಿಲ್ಲ, ನೀವು ತಿನ್ನುವುದೂ ಇಲ್ಲ. ನಿಮ್ಮಿಬ್ಬರಿಗೂ ಒಂದೊಂದು ಕೋಣೆಯಿದೆ, 'ತಟ್ಟಿ ಒಳಗೆ ಬನ್ನಿ' ಎಂದು ಬಾಗಿಲಿಗೆ ಅಂಟಿಸಿದ್ದೀರಿ, ಅಜ್ಜಿಯಾದರೂ ತಟ್ಟಲೇಬೇಕು. ನಿಮ್ಮಪ್ಪನ ಸೋಫಾದ ಮೂಲೆ ಅವನ ಭಾರಕ್ಕೆ ಕುಸಿದಿದೆ. ನನಗೆ ಬಾಲ್ಕನಿಯಲ್ಲಿ ಬೆತ್ತದ ಕುರ್ಚಿಯಿದೆ. ಈ ಕಥೆ ಬರೆಯಲು ಕುಳಿತಾಗ, ಆ ಕಾಲ ಮುಗಿಯಿತು ಎಂದು ಹೆಮ್ಮೆಯಿಂದ ಮುಗಿಸೋಣ ಅಂದುಕೊಂಡಿದ್ದೆ.

ಆದರೆ ಬೆತ್ತದ ಕುರ್ಚಿಯಲ್ಲಿ ಬರೆಯಲು ಆಗುವುದಿಲ್ಲ, ಕೈ ನೋಯುತ್ತದೆ. ಅದಕ್ಕೇ ಬೆಳಿಗ್ಗೆ, ಸ್ವಲ್ಪ ಜಾಗ ಬಿಡಮ್ಮಾ ಎಂದು ಊಟದ ಮೇಜಿನಿಂದ ನಿಮ್ಮಮ್ಮನನ್ನು ಎಬ್ಬಿಸಿದೆ. ಅವಳು ಲ್ಯಾಪ್‌ಟಾಪು, ವೈರು, ಅರ್ಧ ಕುಡಿದ ಕಾಫಿ ಎಲ್ಲ ಎತ್ತಿಕೊಂಡು ಹೋದಳು. ಈಗ ತಲೆ ಎತ್ತಿ ನೋಡಿದರೆ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು, ನಿಂತುಕೊಂಡೇ ಆಫೀಸಿನವರ ಜೊತೆ ಮಾತಾಡುತ್ತಿದ್ದಾಳೆ. ಇಷ್ಟು ಬರೆಯುವಷ್ಟು ಹೊತ್ತೂ ಅವಳು ನಿಂತೇ ಇದ್ದಳು. ಇವತ್ತಿಗೆ ಸಾಕು ಮಕ್ಕಳೇ, ನಾನು ಏಳುತ್ತೇನೆ.